ಪಾಲು ಬಿಟ್ಟುಕೊಟ್ಟರೆ ಮಾತ್ರ ತಂಗಿಯೇ?

ಪ್ರಶ್ನೆ: ತಾತ ಕಟ್ಟಿದ ಚಾಕೊಲೇಟ್ ಕಂಪನಿ ನಮ್ಮದು. ಷೇರುಗಳೆಲ್ಲ ಮನೆಯವರ ಕೈಯಲ್ಲೇ ಇವೆ. ಅಪ್ಪ ತಮ್ಮ ಪಾಲನ್ನು ಇಬ್ಬರು ಅಣ್ಣಂದಿರಿಗೂ ನನಗೂ ಸಮನಾಗಿ ಬರೆದಿಟ್ಟು ತೀರಿಕೊಂಡರು. ನಾನು ಅಧ್ಯಾಪಕಿ, ಕಾರ್ಖಾನೆಯಲ್ಲಿ ಒಂದು ದಿನವೂ ದುಡಿದವಳಲ್ಲ. 'ಕಷ್ಟಪಟ್ಟವರು ನಾವು, ನಿನ್ನ ಹಕ್ಕು ಬಿಟ್ಟುಕೊಡು' ಎಂದು ಅಣ್ಣಂದಿರು ಸಹಿ ಕೇಳುತ್ತಿದ್ದಾರೆ. ಅಮ್ಮನೂ ಅವರ ಪರ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ಈ ಒತ್ತಡದಲ್ಲಂತೂ ಖಂಡಿತ ಬೇಡ.

ನಿಮ್ಮ ಅಣ್ಣಂದಿರು ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅವರು ಎರಡು ಲೆಕ್ಕಗಳನ್ನು ಒಂದರೊಳಗೊಂದು ಬೆರೆಸಿದ್ದಾರೆ. ಹಗಲಿರುಳು ಕಾರ್ಖಾನೆ ನಡೆಸಿದ್ದಕ್ಕೆ ಸಲ್ಲಬೇಕಾದದ್ದು ಸಂಬಳ. ಅದು ಸಾಲದೆಂದರೆ ಹೆಚ್ಚಿಸಿಕೊಳ್ಳಲಿ, ನೀವು ಮನಸಾರೆ ಒಪ್ಪಿಕೊಳ್ಳಿ. ಷೇರು ಮಾತ್ರ ಒಡೆತನದ ವಿಷಯ, ಅದನ್ನು ನಿಮ್ಮ ತಂದೆ ಆಗಲೇ ತೀರ್ಮಾನಿಸಿದ್ದಾರೆ.

ಅಮೆರಿಕದ ಮಾರ್ಸ್ ಕುಟುಂಬವನ್ನೇ ನೋಡಿ. ಫ್ರಾಂಕ್ ಮಾರ್ಸ್ 1911ರಲ್ಲಿ ಆರಂಭಿಸಿದ ಮಿಠಾಯಿ ವ್ಯಾಪಾರ ಇಂದಿಗೂ ಷೇರುಪೇಟೆಗೆ ಬಂದಿಲ್ಲ. ಮಗ ಫಾರೆಸ್ಟ್ ತಂದೆಯೊಂದಿಗೆ ಮುನಿಸಿಕೊಂಡು ಇಂಗ್ಲೆಂಡಿಗೆ ಹೋಗಿ, 1932ರಲ್ಲಿ ಸ್ಲೌ ಪಟ್ಟಣದಲ್ಲಿ ತನ್ನದೇ ಕಾರ್ಖಾನೆ ತೆರೆದ. ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡರು. ತಂದೆಯ ಕಂಪನಿಯೂ ಮಗನ ಕಂಪನಿಯೂ ಒಂದಾಗುವಾಗ 1964 ಆಗಿತ್ತು. ಆ ಮೂವತ್ತು ವರ್ಷಗಳ ಬಗ್ಗೆ ನಿಮ್ಮ ಅಣ್ಣಂದಿರೂ ಯೋಚಿಸಬೇಕು. ಅದೇ ಫಾರೆಸ್ಟ್‌ನ ನಂತರ ಒಡೆತನ ಇಬ್ಬರು ಗಂಡುಮಕ್ಕಳಿಗೂ ಮಗಳು ಜಾಕ್ವೆಲಿನ್‌ಗೂ ಬಂತು. ಆಕೆ 2001ರಲ್ಲಿ ಕಂಪನಿಯ ಕೆಲಸದಿಂದ ನಿವೃತ್ತರಾದರು, ಆದರೆ ಒಡತಿಯಾಗಿಯೇ ಉಳಿದರು. ನುಟೆಲ್ಲಾ ತಯಾರಿಸುವ ಇಟಲಿಯ ಫೆರೆರೊ ಕುಟುಂಬವಂತೂ 2017ರಲ್ಲಿ ಸಿಇಒ ಹುದ್ದೆಯನ್ನೇ ಹೊರಗಿನವರೊಬ್ಬರಿಗೆ ಕೊಟ್ಟಿತು. ನಡೆಸದವರು ಒಡೆಯರಾಗಿರಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ.

ಅಣ್ಣಂದಿರ ಭಯ ಬೇರೆಯೇ ಇರಬಹುದು. ನಾಳೆ ನೀವೋ ನಿಮ್ಮ ಮಕ್ಕಳೋ ಆ ಷೇರನ್ನು ಪ್ರತಿಸ್ಪರ್ಧಿಗೆ ಮಾರಿದರೆ? ತಾತನ ಹೆಸರಿನ ಕಂಪನಿಯಲ್ಲಿ ಪರರು ಬಂದು ಕುಳಿತರೆ? ಇದು ನ್ಯಾಯವಾದ ಭಯ. ಇದನ್ನು ನೀವೇ ಬಾಯಿಬಿಟ್ಟು ಕೇಳಿ. ಮಾರುವುದಾದರೆ ಮೊದಲು ಅಣ್ಣಂದಿರಿಗೇ ಕೊಡುತ್ತೇನೆ ಎಂದು ಒಪ್ಪಂದಪತ್ರದಲ್ಲಿ ಬರೆದುಕೊಡಿ. ಅವರು ನೆಮ್ಮದಿಯಿಂದ ಇರಲು ಅಷ್ಟು ಸಾಕು, ಹಕ್ಕು ಬಿಡಬೇಕಾಗಿಲ್ಲ.

ಅದೇ ಒಪ್ಪಂದದಲ್ಲಿ ನಿಮ್ಮ ರಕ್ಷಣೆಯೂ ಇರಲಿ. ಷೇರುಪೇಟೆಯಲ್ಲಿಲ್ಲದ ಕಂಪನಿಯ ಷೇರಿಗೆ ದಿನದ ಬೆಲೆ ಎಂಬುದಿಲ್ಲ. ಅಣ್ಣಂದಿರಿಬ್ಬರೂ ಸೇರಿ ಲಾಭಾಂಶ ಕೊಡುವುದಿಲ್ಲ ಎಂದುಬಿಟ್ಟರೆ ನಿಮ್ಮ ಪಾಲು ಬರೀ ಕಾಗದವಾಗುತ್ತದೆ. ಆದ್ದರಿಂದ ಲಾಭದಲ್ಲಿ ಎಷ್ಟನ್ನು ಹಂಚಬೇಕು, ವರ್ಷದ ಲೆಕ್ಕಪತ್ರ ನಿಮಗೆ ಯಾವಾಗ ಬರಬೇಕು, ಮಾರುವಾಗ ಬೆಲೆ ಕಟ್ಟುವ ಸ್ವತಂತ್ರ ಪರಿಣತರನ್ನು ಯಾರು ನೇಮಿಸಬೇಕು ಎಂಬುದೆಲ್ಲ ಸ್ಪಷ್ಟವಾಗಿ ಬರೆಯಿಸಿ. ನಿಮ್ಮದೇ ವಕೀಲರನ್ನು ನೋಡಿ. ಕಂಪನಿಯ ವಕೀಲರು ಎಷ್ಟೇ ಆತ್ಮೀಯರಾದರೂ ಅವರು ಕಂಪನಿಯ ಪರ. ಒಡೆತನವೇ ಬೇಡವೆನಿಸಿದರೆ ಅದೂ ತಪ್ಪಲ್ಲ; ಆದರೆ ಅದಕ್ಕೆ ನ್ಯಾಯವಾದ ಬೆಲೆ ಪಡೆದು ಮಾರಿ, ಉಚಿತವಾಗಿ ಬಿಟ್ಟುಕೊಡಬೇಡಿ.

ಅಮ್ಮನ ಬಗ್ಗೆ ಒಂದು ಮಾತು. ಗಂಡನನ್ನು ಕಳೆದುಕೊಂಡವರಿಗೆ ಮಕ್ಕಳ ಜಗಳಕ್ಕಿಂತ ದೊಡ್ಡ ಭೀತಿ ಇಲ್ಲ. ಯಾರು ಬೇಗ ಬಗ್ಗುತ್ತಾರೋ ಅವರನ್ನೇ ಬಗ್ಗಿಸಲು ನೋಡುತ್ತಾರೆ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಅವರೊಂದಿಗೆ ವಾದಕ್ಕಿಳಿಯಬೇಡಿ. 'ಅಣ್ಣಂದಿರ ಕೆಲಸಕ್ಕೆ ನಾನು ಅಡ್ಡ ಬರುವುದಿಲ್ಲ, ಅಪ್ಪ ಬರೆದಿಟ್ಟಿದ್ದನ್ನು ಬದಲಿಸುವುದೂ ಇಲ್ಲ' ಎಂದಷ್ಟೇ ಹೇಳಿ, ಒಪ್ಪಂದದ ಕರಡು ಸಿದ್ಧವಾದ ದಿನ ಅದನ್ನು ಅಮ್ಮನಿಗೇ ಮೊದಲು ಓದಿ ಹೇಳಿ.