ಅಪರೂಪದ ಮಿದುಳು ಗೆಡ್ಡೆಗೆ ಕಾರಣವಾದ ಜೀನ್ ಬದಲಾವಣೆ ಮಕ್ಕಳಿಗೂ ಬರುತ್ತದೆಯೇ?

ಪ್ರಶ್ನೆ: ನನ್ನ ಪತಿಗೆ 44 ವರ್ಷ. ದೃಷ್ಟಿ ಮಂಜಾಗುತ್ತಿದ್ದುದರಿಂದ ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿ ಗ್ರಂಥಿಯ ಮೇಲ್ಭಾಗದಲ್ಲಿ ಗೆಡ್ಡೆ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಲ್ಲಿ ಸ್ವಲ್ಪ ಭಾಗವನ್ನಷ್ಟೇ ತೆಗೆಯಲು ಸಾಧ್ಯವಾಯಿತು. ಬಯಾಪ್ಸಿ ವರದಿಯಲ್ಲಿ ‘ಪ್ಯಾಪಿಲ್ಲರಿ ಕ್ರೇನಿಯೊಫ್ಯಾರಿಂಜಿಯೋಮಾ, ಬಿಆರ್‌ಎಎಫ್ ವಿ600ಇ ಪಾಸಿಟಿವ್’ ಎಂದಿದೆ. ಇದು ಆನುವಂಶಿಕವೇ? ನಮ್ಮ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮಕ್ಕಳಿಗೆ ಪರೀಕ್ಷೆಯ ಅಗತ್ಯವಿಲ್ಲ. ವರದಿಯಲ್ಲಿ ‘ಬಿಆರ್‌ಎಎಫ್ ವಿ600ಇ’ ಎಂದು ಹೇಳಿರುವ ಜೀನ್ ಬದಲಾವಣೆ ನಿಮ್ಮ ಪತಿಗೆ ತಂದೆತಾಯಿಯಿಂದ ಬಂದದ್ದಲ್ಲ. ಗೆಡ್ಡೆಗೆ ಮೂಲವಾದ ಜೀವಕೋಶದಲ್ಲಿ ನಂತರ ಎಂದೋ ಉಂಟಾಗಿ, ಅದರಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ ಉಳಿದುಕೊಂಡಿರುವಂಥದ್ದು. ಹಾಗೆಂದು ಎಲ್ಲ ಮಿದುಳು ಗೆಡ್ಡೆಗಳಿಗೂ ಈ ಮಾತು ಅನ್ವಯಿಸದು. ಉದಾಹರಣೆಗೆ, ಹೀಮ್ಯಾಂಜಿಯೋಬ್ಲಾಸ್ಟೋಮಾ ಎಂಬ ಗೆಡ್ಡೆ ಕಂಡುಬಂದವರಲ್ಲಿ ಕೆಲವರಿಗೆ ವಿಎಚ್‌ಎಲ್ ಜೀನ್‌ನ ದೋಷ ಹುಟ್ಟಿನಿಂದಲೇ ಇರುತ್ತದೆ. ಅಂಥ ಕುಟುಂಬಗಳಲ್ಲಿ ಮಕ್ಕಳ ಪರೀಕ್ಷೆ ನಿಜಕ್ಕೂ ಮುಖ್ಯ.

ನಿಮ್ಮ ಪತಿಯ ಗೆಡ್ಡೆಯಲ್ಲಿ ಆಗಿರುವುದು ತೀರಾ ಸಣ್ಣ ಬದಲಾವಣೆ. 7ನೇ ಕ್ರೋಮೋಸೋಮಿನಲ್ಲಿರುವ ಬಿಆರ್‌ಎಎಫ್ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿ, ಅದು ತಯಾರಿಸುವ ಪ್ರೋಟೀನಿನ 600ನೇ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೊ ಆಮ್ಲ ಇರಬೇಕಾದ ಕಡೆ ಗ್ಲುಟಾಮಿಕ್ ಆಮ್ಲ ಬಂದು ಕುಳಿತಿದೆ. ಹೊರಗಿನಿಂದ ಸೂಚನೆ ಬಂದಾಗ ಮಾತ್ರ ‘ಬೆಳೆ’ ಎಂಬ ಸಂಕೇತವನ್ನು ಮುಂದಿನ ಮೆಕ್ ಎಂಬ ಪ್ರೋಟೀನಿಗೆ ದಾಟಿಸಬೇಕಾದ ಈ ಪ್ರೋಟೀನು, ಈಗ ಯಾರೂ ಹೇಳದೆಯೇ ಹಗಲಿರುಳೂ ಅದನ್ನೇ ದಾಟಿಸುತ್ತಿದೆ.

ಕ್ರೇನಿಯೊಫ್ಯಾರಿಂಜಿಯೋಮಾದ ಎರಡು ಬಗೆಗಳಲ್ಲಿ ಒಂದಾದ ಪ್ಯಾಪಿಲ್ಲರಿ ಬಗೆಯ ಬಹುಪಾಲು ಗೆಡ್ಡೆಗಳಲ್ಲಿ ಇದೇ ಬದಲಾವಣೆ ಇದೆಯೆಂಬುದು 2014ರಲ್ಲಿ ತಿಳಿದುಬಂತು. ಮಕ್ಕಳಲ್ಲೂ ಕಾಣಿಸಿಕೊಳ್ಳುವ, ಅಡಮ್ಯಾಂಟಿನೋಮ್ಯಾಟಸ್ ಎಂಬ ಇನ್ನೊಂದು ಬಗೆಯಲ್ಲಿ ಸಾಮಾನ್ಯವಾಗಿ ಕೆಡುವುದು ಸಿಟಿಎನ್‌ಎನ್‌ಬಿ1 ಎಂಬ ಬೇರೆಯೇ ಜೀನ್. ಸ್ಕ್ಯಾನಿನಲ್ಲಿ ಎರಡೂ ಒಂದೇ ಜಾಗದಲ್ಲಿ ಕಂಡರೂ ಒಂದಕ್ಕೆ ಹಿಡಿಯುವ ಔಷಧ ಇನ್ನೊಂದಕ್ಕೆ ಹಿಡಿಯುವುದಿಲ್ಲವಾದ್ದರಿಂದ, ವರದಿಯ ಆ ಒಂದು ಸಾಲಿಗೆ ಬಹಳ ಬೆಲೆಯಿದೆ.

2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬಿಆರ್‌ಎಎಫ್ ಅನ್ನು ತಡೆಯುವ ವೆಮುರಾಫೆನಿಬ್ ಮತ್ತು ಮೆಕ್ ಅನ್ನು ತಡೆಯುವ ಕೋಬಿಮೆಟಿನಿಬ್ ಮಾತ್ರೆಗಳನ್ನು ಒಟ್ಟಿಗೆ ಪಡೆದ 16 ರೋಗಿಗಳ ಪೈಕಿ 15 ಮಂದಿಯ ಗೆಡ್ಡೆ ಗಣನೀಯವಾಗಿ ಕುಗ್ಗಿತು. ಸಂಖ್ಯೆ ಚಿಕ್ಕದು, ನಿಜ. ಆದರೆ ಇಷ್ಟು ಅಪರೂಪದ ಕಾಯಿಲೆಯಲ್ಲಿ ಇಂಥ ಫಲಿತಾಂಶವನ್ನು ಕಡೆಗಣಿಸಲಾಗದು. ಚರ್ಮದ ಮೇಲೆ ತೀವ್ರ ದದ್ದು ಸೇರಿದಂತೆ ಅಡ್ಡಪರಿಣಾಮಗಳೂ ಇವೆ. ಆ ರೋಗಿಗಳಾರೂ ಮೊದಲು ವಿಕಿರಣ ಚಿಕಿತ್ಸೆ ಪಡೆದಿರಲಿಲ್ಲ. ಆದ್ದರಿಂದ ಉಳಿದ ಗೆಡ್ಡೆಗೆ ವಿಕಿರಣ ಚಿಕಿತ್ಸೆಯ ದಿನ ಗೊತ್ತುಮಾಡುವ ಮುನ್ನವೇ, ಮಾತ್ರೆಗಳನ್ನು ಮೊದಲು ಪ್ರಯತ್ನಿಸಬಹುದೇ ಎಂದು ನರಶಸ್ತ್ರಚಿಕಿತ್ಸಕರನ್ನೂ ಕ್ಯಾನ್ಸರ್ ತಜ್ಞರನ್ನೂ ಕೇಳಿ, ಬಯಾಪ್ಸಿ ವರದಿಯ ಪ್ರತಿಯನ್ನು ಇಬ್ಬರಿಗೂ ಕೊಡಿ.