ದವಾಖಾನೆ ದೂರವಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಡು, ಬಂಡೆ, ಪಾದಯಾತ್ರೆಯ ದಾರಿಯಲ್ಲಿ ಆಗುವ ಅವಘಡಗಳ ಚಿಕಿತ್ಸೆ ಮತ್ತು ಅದರ ತರಬೇತಿಯ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿವು. ಈ ತರಬೇತಿ ಕೊಡುವ ತಜ್ಞರು ಉತ್ತರಿಸಿದ್ದಾರೆ.

ಭೀಮಗಡದ ಸುತ್ತಮುತ್ತ ಕಾಲೇಜು ಹುಡುಗರನ್ನು ಚಾರಣಕ್ಕೆ ಕರೆದೊಯ್ಯುತ್ತೇವೆ. ನಮ್ಮಲ್ಲಿ ನಾಲ್ವರಿಗೆ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಆಗಿದೆ. ಅಷ್ಟು ಸಾಲದೇ?
– ಚಾರಣ ತಂಡದವರು, ಖಾನಾಪುರ

ಸಾಲದು. ಆ ತರಬೇತಿ ಕೆಟ್ಟದ್ದೇನಲ್ಲ, ಆದರೆ ಅದನ್ನು ರೂಪಿಸಿರುವುದು ಆಂಬುಲೆನ್ಸ್ ಬರುವತನಕದ ಹತ್ತಿಪ್ಪತ್ತು ನಿಮಿಷಕ್ಕೆ. ದವಾಖಾನೆ ಒಂದು ತಾಸಿಗಿಂತ ದೂರವಿದ್ದರೆ ಅದನ್ನು ಕಾಡಿನ ಚಿಕಿತ್ಸೆ ಎಂದೇ ಲೆಕ್ಕ ಹಾಕುತ್ತಾರೆ. ಮಳೆಗಾಲದಲ್ಲಿ ಭೀಮಗಡದೊಳಗೆ ಹಳ್ಳ ತುಂಬಿದರೆ ಒಂದು ತಾಸು ಐದಾಗುತ್ತದೆ, ಹತ್ತಾಗುತ್ತದೆ. ಅಷ್ಟು ಹೊತ್ತು ಗಾಯಾಳುವನ್ನು ಬೆಚ್ಚಗಿಡಬೇಕು, ನೀರು ಕುಡಿಸಬೇಕೋ ಬೇಡವೋ ತೀರ್ಮಾನಿಸಬೇಕು, ಮೂತ್ರಕ್ಕೆ ವ್ಯವಸ್ಥೆ ಮಾಡಬೇಕು, ಕಟ್ಟಿದ ಪಟ್ಟಿ ಬಾವು ಬಂದು ಬಿಗಿಯಾಯಿತೇ ಎಂದು ಮತ್ತೆಮತ್ತೆ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈಗಲೇ ಹೊತ್ತು ಹೊರಡುವುದೋ, ಬೆಳಗಾಗುವವರೆಗೆ ಕಾಯುವುದೋ ಎಂಬುದನ್ನು ನಿರ್ಧರಿಸಬೇಕು. ತರಬೇತಿಯ ತಿರುಳು ಈ ನಿರ್ಧಾರವೇ. ಪಟ್ಟಿ ಕಟ್ಟುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಇದಕ್ಕೆಂದೇ ಇರುವ ಕೋರ್ಸುಗಳಲ್ಲಿ ಎರಡು ಹಂತ ನಿಮಗೆ ಸಂಬಂಧಿಸಿದ್ದು. ‘ವೈಲ್ಡರ್‌ನೆಸ್ ಫಸ್ಟ್ ಏಡ್’ ಎರಡು ದಿನದ್ದು, ಸುಮಾರು 16 ತಾಸು. ‘ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್’ 8ರಿಂದ 10 ದಿನದ್ದು, 70–80 ತಾಸು. ತಂಡದ ಮುಂದಾಳುಗಳಲ್ಲಿ ಇಬ್ಬರಿಗಾದರೂ ದೊಡ್ಡ ಕೋರ್ಸು ಆಗಿರಲಿ. ಒಬ್ಬರೇ ಸಾಲದು, ಕಾಲು ಮುರಿಯುವುದು ಅವರದ್ದೇ ಆಗಬಹುದು. ಉಳಿದವರಿಗೆ ಎರಡು ದಿನದ್ದು ಸಾಕು. ಪ್ರಮಾಣಪತ್ರ ಸಾಮಾನ್ಯವಾಗಿ ಎರಡು–ಮೂರು ವರ್ಷಕ್ಕೆ ಮುಗಿಯುತ್ತದೆ.

ಕೋರ್ಸು ಆರಿಸುವಾಗ ಒಂದೇ ಒಂದು ಪ್ರಶ್ನೆ ಕೇಳಿ: ಎಷ್ಟು ತಾಸು ಹೊರಗೆ, ನಕಲಿ ಗಾಯಾಳುಗಳ ಜೊತೆ? ಅರ್ಧಕ್ಕಿಂತ ಕಡಿಮೆ ಎಂದರೆ ಬಿಡಿ. ಕತ್ತಲಲ್ಲಿ, ಇಳಿಜಾರಿನಲ್ಲಿ, ಒದ್ದೆ ಬಟ್ಟೆಯಲ್ಲಿ ನರಳುವವರೊಬ್ಬರನ್ನು ಪರೀಕ್ಷಿಸಿ ನೋಡದವರಿಗೆ ಸ್ಲೈಡುಗಳಲ್ಲಿ ಕಲಿತದ್ದು ಕೈಗೆ ಬರುವುದಿಲ್ಲ. ಅಭ್ಯಾಸದ ಕ್ರಮ ಹೀಗಿರುತ್ತದೆ. ಮೊದಲು ಜಾಗ ನಿಮಗೇ ಅಪಾಯವೇ ಎಂದು ನೋಡುವುದು. ಆಮೇಲೆ ಧಾರಾಕಾರ ರಕ್ತ, ಉಸಿರಿನ ದಾರಿ, ಉಸಿರು, ನಾಡಿ. ಆಮೇಲೆ ನೆತ್ತಿಯಿಂದ ಪಾದದವರೆಗೆ ಕೈಯಾಡಿಸಿ ಪರೀಕ್ಷೆ, ಬೆನ್ನಿನಡಿಯಲ್ಲೂ. ಬಟ್ಟೆಯ ಮೇಲಿಂದ ನೋಡಿ ಬಿಡುವವರು ತೊಡೆಯ ಹಿಂಭಾಗದ ರಕ್ತಸ್ರಾವವನ್ನು ತಪ್ಪಿಸಿಕೊಳ್ಳುತ್ತಾರೆ. ನಾಡಿ, ಉಸಿರು, ಪ್ರಜ್ಞೆಯ ಮಟ್ಟವನ್ನು ಗಡಿಯಾರ ನೋಡಿ ಬರೆದಿಡಬೇಕು: ಗಂಭೀರವಿದ್ದರೆ 5 ನಿಮಿಷಕ್ಕೊಮ್ಮೆ, ಇಲ್ಲವಾದರೆ 15 ನಿಮಿಷಕ್ಕೊಮ್ಮೆ. ನಾಡಿ 90ರಿಂದ 110ಕ್ಕೆ, 110ರಿಂದ 130ಕ್ಕೆ ಏರುತ್ತ ಹೋದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ಒಮ್ಮೆ ನೋಡಿದ ನಾಡಿಯಿಂದ ಇದು ತಿಳಿಯುವುದೇ ಇಲ್ಲ.

ಒಳ್ಳೆಯ ಕೋರ್ಸು ಇನ್ನೊಂದು ಕಷ್ಟದ ಮಾತನ್ನೂ ಹೇಳಿಕೊಡುತ್ತದೆ. ಕಾಡಿನಲ್ಲಿ ಎದೆ ಒತ್ತುವುದನ್ನು 30 ನಿಮಿಷ ಮಾಡಿಯೂ ಜೀವದ ಸುಳಿವು ಬರದಿದ್ದರೆ, ನೆರವೂ ಹತ್ತಿರದಲ್ಲಿಲ್ಲದಿದ್ದರೆ ನಿಲ್ಲಿಸಬಹುದು. ಮೈ ತೀರಾ ತಣ್ಣಗಾದವರ ವಿಷಯ ಬೇರೆ, ಅವರಿಗೆ ಹೆಚ್ಚು ಹೊತ್ತು ಪ್ರಯತ್ನಿಸಬೇಕು. ಸಿಡಿಲು ಬಡಿದು ಹಲವರು ಬಿದ್ದಿದ್ದರೆ ಉಸಿರಾಡದೆ ಸತ್ತಂತೆ ಕಾಣುವವರಿಗೇ ಮೊದಲು ಕೈಹಾಕಬೇಕು. ನರಳುತ್ತಿರುವವರು ಬಹುಮಟ್ಟಿಗೆ ಬದುಕುತ್ತಾರೆ. ಉಸಿರು ನಿಂತವರಿಗೆ ಉಸಿರು ಕೊಟ್ಟರೆ ಅವರೂ ಬದುಕಬಹುದು.

ರಕ್ತ ನಿಲ್ಲದಿದ್ದರೆ ಬಿಗಿಯಾಗಿ ಕಟ್ಟಿ ಎಂದು ತರಬೇತಿಯಲ್ಲಿ ಕಲಿಸಿದರು. ಹಾವು ಕಚ್ಚಿದರೆ ಮಾತ್ರ ಕಟ್ಟಬೇಡಿ ಎಂದರು. ನಮ್ಮ ಹಿರಿಯರು ಹಾವು ಕಚ್ಚಿದಾಗಲೇ ಕಟ್ಟುತ್ತಿದ್ದರು. ಯಾವುದು ಸರಿ?
– ಅಂಗನವಾಡಿ ಕಾರ್ಯಕರ್ತೆ, ಬೈಲಹೊಂಗಲ

ತರಬೇತಿಯಲ್ಲಿ ಹೇಳಿದ್ದೇ ಸರಿ. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಬಟ್ಟೆ ತುರುಕಿ ಗಟ್ಟಿಯಾಗಿ ಒತ್ತಿದರೂ ನಿಲ್ಲದಿದ್ದರೆ ಬಿಗಿಕಟ್ಟು ಹಾಕಬೇಕು. ಗಾಯಕ್ಕಿಂತ 5–7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ. ಪಟ್ಟಿ ಕನಿಷ್ಠ 4 ಸೆಂಟಿಮೀಟರ್ ಅಗಲವಿರಬೇಕು. ದಾರ, ತಂತಿ ಕಟ್ಟಿದರೆ ಚರ್ಮ ಕೊಯ್ಯುತ್ತದೆ, ರಕ್ತ ನಿಲ್ಲುವುದಿಲ್ಲ. ಕಡ್ಡಿ ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುವಿ, ಕಟ್ಟಿದ ಹೊತ್ತನ್ನು ಬರೆಯಿರಿ. ಅರೆಬರೆ ಬಿಗಿದರೆ ಒಳಬರುವ ರಕ್ತ ಬರುತ್ತಲೇ ಇರುತ್ತದೆ, ಹಿಂದಿರುಗುವ ದಾರಿ ಮಾತ್ರ ಮುಚ್ಚಿ ಸ್ರಾವ ಹೆಚ್ಚುತ್ತದೆ.

ಹಾವಿನ ವಿಷದ ಲೆಕ್ಕ ಬೇರೆ. ಕೊಳಕುಮಂಡಲ, ಗರಗಸಮಂಡಲಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಹಾಳುಮಾಡುತ್ತದೆ. ಕಟ್ಟಿದರೆ ವಿಷ ಅಲ್ಲೇ ನಿಂತು, ರಕ್ತವೂ ಓಡದೆ, ಕಾಲು ಕಳೆದುಕೊಳ್ಳುವ ಹಂತಕ್ಕೆ ಹೋಗುತ್ತದೆ. ಬಿಚ್ಚಿದ ಕ್ಷಣ ವಿಷ ಒಮ್ಮೆಲೇ ಏರುತ್ತದೆ. ಯಾರೋ ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ವೈದ್ಯರ ಎದುರು, ಔಷಧಿ ಸಿದ್ಧವಿಟ್ಟುಕೊಂಡೇ ಬಿಚ್ಚಬೇಕು.

ನೀವು ಮಾಡಬೇಕಾದದ್ದು ಇಷ್ಟು: ಕಾಲುಂಗುರ, ಬಳೆ, ಉಡದಾರ ತೆಗೆಯಿರಿ. ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆ ಇಟ್ಟು ಕೈಕಾಲು ಅಲುಗದಂತೆ ಮಾಡಿ. ನಡೆಸಬೇಡಿ, ಹೊತ್ತೊಯ್ಯಿರಿ. ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ, ಹಾವನ್ನು ಹುಡುಕುತ್ತ ಹೊತ್ತು ಕಳೆಯುವುದೂ ಬೇಡ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಹೊಟ್ಟೆನೋವಿನ ಗುಳಿಗೆ ಕೊಟ್ಟು ಕೂರಬೇಡಿ. ಈ ವಿಷದಿಂದ ಉಸಿರಾಟದ ಸ್ನಾಯು ಸೋಲುತ್ತದೆ, ಹೃದಯ ಬಡಿಯುತ್ತಿರುತ್ತದೆ. ಆಗ ಬಾಯಿಗೆ ಬಾಯಿಟ್ಟು 5–6 ಸೆಕೆಂಡಿಗೊಮ್ಮೆ ಉಸಿರು ಕೊಡುತ್ತ ದವಾಖಾನೆ ಮುಟ್ಟಿಸಿದರೆ ಮನುಷ್ಯ ಉಳಿಯುತ್ತಾನೆ. ಕೈ ಸೋತರೂ, ದಾರಿ ಎಷ್ಟೇ ಉದ್ದವಿದ್ದರೂ ಬಿಡಬಾರದ ಕೆಲಸವಿದು.

ಪ್ರತಿವಿಷದ ಚುಚ್ಚುಮದ್ದನ್ನು ಕಾಡಿಗೆ ಒಯ್ಯಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಮೊದಲ ಸುತ್ತಿಗೇ 8–10 ಬಾಟಲಿ ಬೇಕು. ಅದರಿಂದಲೇ ಜೀವಕ್ಕೆ ಕುತ್ತು ತರುವ ಅಲರ್ಜಿ ಆಗಬಹುದು. ಜೊತೆಗೆ ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಘಟ್ಟದ ಗುಳಿಮಂಡಲಗಳಿಗೆ ಅದು ನೆಚ್ಚುವ ಔಷಧಿಯಲ್ಲ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ದವಾಖಾನೆಗಳು ಸರಕಾರಕ್ಕೆ ವರದಿ ಮಾಡಲೇಬೇಕು. ಆದ್ದರಿಂದ ಮಂತ್ರವಾದಿಯ ಮನೆಗೆ ಹೋಗಿ ಬಂದ ಮೇಲಾದರೂ ಸರಿ, ದವಾಖಾನೆಗೆ ಹೋಗಿ ದಾಖಲಾಗಿ.

ಬಾದಾಮಿಯ ಬಂಡೆ ಹತ್ತಲು ಬರುವವರ ಜೊತೆ ಕೆಲಸ ಮಾಡುತ್ತೇನೆ. ಯಾರಾದರೂ ಬಿದ್ದರೆ ಸುತ್ತಲಿನವರು ಎತ್ತಿ ಕೂರಿಸಿ ನೀರು ಕುಡಿಸುತ್ತಾರೆ. ಹೆಜ್ಜೇನು ಎದ್ದರೆ ಏನು ಮಾಡಬೇಕು ಎಂಬುದನ್ನೂ ತಿಳಿಸಿ.
– ಗೈಡ್, ಬಾದಾಮಿ

ಕೂರಿಸಬಾರದು. ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿಸಲಿ. ಮಗ್ಗುಲಾಗಿಸಲೇಬೇಕಾದರೆ ಕನಿಷ್ಠ ನಾಲ್ವರು ಬೇಕು. ತಲೆ ಹಿಡಿದವರ ಎಣಿಕೆಗೇ ಉಳಿದವರು ತಿರುಗಿಸಬೇಕು. ವಾಂತಿಯಾಗುತ್ತಿದ್ದರೆ ಬೆನ್ನುಹುರಿಯ ಚಿಂತೆಗಿಂತ ಉಸಿರಿನ ದಾರಿ ದೊಡ್ಡದು, ಒಬ್ಬರೇ ಇದ್ದರೂ ಮಗ್ಗುಲಾಗಿಸಿ.

ಎತ್ತರದಿಂದ ಬಿದ್ದವರಲ್ಲಿ ಹೆಚ್ಚಾಗಿ ಕಣ್ತಪ್ಪುವುದು ಸೊಂಟದ ಗೂಡಿನ ಮುರಿತ. ಹೊರಗೆ ಒಂದು ಹನಿ ಕಾಣದೆ ಒಳಗೇ ಲೀಟರುಗಟ್ಟಲೆ ರಕ್ತ ಹೋಗುತ್ತದೆ. ಸೊಂಟವನ್ನು ಒತ್ತಿ, ಅಲುಗಿಸಿ ಪರೀಕ್ಷಿಸಬೇಡಿ. ಅನುಮಾನ ಬಂದರೆ ಸಾಕು, ದೋತರವನ್ನು ಗೇಣಗಲ ಮಡಚಿ, ಮೊಣಕಾಲ ಸಂದಿಯಿಂದ ತೂರಿಸಿ ಮೇಲಕ್ಕೆ ಸರಿಸಿ ಬಿಗಿಯಿರಿ. ಕಟ್ಟಬೇಕಾದ ಜಾಗ ಉಡದಾರ ಕಟ್ಟುವ ಕಡೆಯಲ್ಲ. ತೊಡೆಯ ಮೇಲ್ತುದಿಯಲ್ಲಿ ಹೊರಕ್ಕೆ ಕೈಗೆ ಸಿಗುವ ಮೂಳೆಯ ಗುಬ್ಬಿಯ ಮಟ್ಟದಲ್ಲಿ. ಮೇಲೆ ಕಟ್ಟಿದರೆ ಮುರಿದ ಗೂಡು ಇನ್ನಷ್ಟು ತೆರೆದುಕೊಳ್ಳುತ್ತದೆ. ಪಾದಗಳನ್ನೂ ಜೋಡಿಸಿ ಕಟ್ಟಿ.

ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡುವುದೇ ದಾರಿ. ಹಗ್ಗದಲ್ಲಿರುವವರನ್ನು ತಕ್ಷಣ ಇಳಿಸಿ. ನೀರಿಗೆ ಹಾರಬೇಡಿ, ತಲೆ ಎತ್ತುವವರೆಗೆ ಅವು ಕಾಯುತ್ತವೆ. ಮುಳ್ಳನ್ನು ಉಗುರಿನಿಂದಾಗಲಿ ಕಾರ್ಡಿನಿಂದಾಗಲಿ ಕೂಡಲೇ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಮೈಯೆಲ್ಲ ದದ್ದು, ಜೊತೆಗೆ ಉಸಿರು ಸೀಟಿ ಹೊಡೆಯುವುದು, ಗಂಟಲು ಕಟ್ಟುವುದು, ತಲೆಸುತ್ತು ಇದ್ದರೆ ಅಡ್ರಿನಾಲಿನ್ ಒಂದೇ ಮದ್ದು. ದೊಡ್ಡವರಿಗೆ 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಿನಿಂದ ಅರ್ಧ ಮಿಲಿಲೀಟರ್, ತೊಡೆಯ ನಡುವಿನ ಹೊರಭಾಗದ ಸ್ನಾಯುವಿಗೆ. 5 ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಮ್ಮೆ. ರೋಗಿಯನ್ನು ಎಬ್ಬಿಸಿ ನಿಲ್ಲಿಸಬಾರದು, ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ವೈದ್ಯರ ಚೀಟಿ, ಚುಚ್ಚುವ ತರಬೇತಿ ಎರಡೂ ಇದ್ದವರು ಮಾತ್ರ ಇದನ್ನು ಇಟ್ಟುಕೊಳ್ಳಬೇಕು. ಅಲರ್ಜಿಯ ಗುಳಿಗೆ ತುರಿಕೆ ತಗ್ಗಿಸುತ್ತದೆ, ಜೀವ ಉಳಿಸುವುದಿಲ್ಲ. ಐವತ್ತಕ್ಕೂ ಹೆಚ್ಚು ಹುಳ ಕಚ್ಚಿದ್ದರೆ ಆರಾಮಾಗಿ ಕಂಡರೂ ದವಾಖಾನೆಗೆ ಒಯ್ಯಿರಿ, ಒಂದೆರಡು ದಿನದ ಮೇಲೆ ಮೂತ್ರಪಿಂಡ ಕೈಕೊಡಬಹುದು.

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಕಂಬಿಯ ಜೊತೆ ಸೇವೆಗೆ ಹೋಗುತ್ತೇವೆ. ನಲ್ಲಮಲ ಕಾಡಿನಲ್ಲಿ ಬಿಸಿಲಿಗೆ ಬಹಳ ಜನ ಬೀಳುತ್ತಾರೆ. ಗ್ಲುಕೋಸ್ ನೀರು ಕೊಟ್ಟರೆ ಸಾಕೇ?
– ಸೇವಾ ತಂಡ, ಬಸವನ ಬಾಗೇವಾಡಿ

ಬಿದ್ದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬೆವರುತ್ತ, ಸುಸ್ತಾಗಿ, ಸರಿಯಾಗಿ ಮಾತಾಡುವವರಿಗೆ ನೆರಳು ಮತ್ತು ಓಆರ್‌ಎಸ್ ಸಾಕು. 20.5 ಗ್ರಾಮಿನ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಹೆಚ್ಚಾಗುತ್ತದೆ. ಪೊಟ್ಟಣ ಮುಗಿದರೆ ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಣ್ಣ ಚಮಚ, ತಲೆ ಮಟ್ಟ. ಬರೀ ಗ್ಲುಕೋಸಿನಲ್ಲಿ ಉಪ್ಪೇ ಇಲ್ಲ.

ಮಾತು ತಪ್ಪಿದವರು, ತೂರಾಡುವವರು, ಮೈ ಕೆಂಡದಂತೆ ಸುಡುವವರು ಬಿಸಿಲಾಘಾತದ ರೋಗಿಗಳು. ಬೆವರು ಬರುತ್ತಿದ್ದರೂ ಅಷ್ಟೇ. ಇವರ ವಿಷಯದಲ್ಲಿ ಮೊದಲು ತಂಪು, ಆಮೇಲೆ ಸಾಗಣೆ. ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿಯುತ್ತ ಇಬ್ಬರು ಎಡೆಬಿಡದೆ ಗಾಳಿ ಹಾಕಬೇಕು. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ. ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕದೆ ಬಿಟ್ಟರೆ ಆ ಬಟ್ಟೆಯೇ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಮಾತು ತಿಳಿಯಾದಾಗ ಅಥವಾ ನಡುಕ ಬಂದಾಗ ನಿಲ್ಲಿಸಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪಾದಯಾತ್ರೆಯಲ್ಲಿ ಮಂಡಿನೋವಿಗೆಂದು ದಿನಕ್ಕೆ ಮೂರು ಸಲ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗುವುದನ್ನು ದಯವಿಟ್ಟು ತಡೆಯಿರಿ. ನೀರು ಕಡಿಮೆಯಾದ ಮೈಗೆ ಆ ಗುಳಿಗೆ ಮೂತ್ರಪಿಂಡವನ್ನೇ ನಿಲ್ಲಿಸಬಹುದು. ಸಕ್ಕರೆ ಕಾಯಿಲೆಯವರ ಪಾದವನ್ನು ಪ್ರತಿ ಸಂಜೆ ನೀವೇ ಬ್ಯಾಟರಿ ಬೆಳಕಿನಲ್ಲಿ ನೋಡಿ. ಬೊಬ್ಬೆ ಒಡೆದದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ನಮ್ಮೂರಿಗೆ ಮಳೆಗಾಲದಲ್ಲಿ 108 ಬರುವುದಿಲ್ಲ. ರೋಗಿಯನ್ನು ಹೊತ್ತೇ ಒಯ್ಯುತ್ತೇವೆ. ಸರಿಯಾದ ಕ್ರಮ ಇದೆಯೇ?
– ಕಾಡಂಚಿನ ಹಳ್ಳಿಯ ಓದುಗರು, ಖಾನಾಪುರ ತಾಲೂಕು

ಇದೆ. ಎಂಟು ಅಡಿಯ ಎರಡು ಗಟ್ಟಿ ಬಿದಿರು, ಒಂದು ಅಗಲವಾದ ಕಂಬಳಿ ಅಥವಾ ಕೌದಿ. ಹಾಸಿದ ಕಂಬಳಿಯ ಮೂರನೇ ಒಂದು ಭಾಗಕ್ಕೆ ಮೊದಲ ಬಿದಿರಿಟ್ಟು ಮಡಚಿ, ಎರಡು ಗೇಣಿನಷ್ಟು ಅಂತರ ಬಿಟ್ಟು ಮಡಿಕೆಯ ಮೇಲೆ ಎರಡನೆಯದನ್ನು ಇಟ್ಟು ಉಳಿದ ಭಾಗವನ್ನು ಹೊದಿಸಿ. ಗಂಟು ಬೇಡ, ರೋಗಿಯ ಭಾರವೇ ಹಿಡಿದುಕೊಳ್ಳುತ್ತದೆ. ಮೊದಲು ಆರೋಗ್ಯವಂತರೊಬ್ಬರನ್ನು ಮಲಗಿಸಿ ಎತ್ತಿ ನೋಡಿ. ಅಡಿಗೆ ಇನ್ನೊಂದು ಕೌದಿ ಹಾಕಿ, ಒದ್ದೆ ರೋಗಿಗೆ ಮೇಲಿನ ಹೊದಿಕೆಗಿಂತ ಬೆನ್ನಿನ ತಂಪು ಹೆಚ್ಚು ಅಪಾಯ. ಒಮ್ಮೆಗೆ ಆರು ಜನ ಹೊರಬೇಕು. 10–15 ನಿಮಿಷಕ್ಕೊಮ್ಮೆ ಬದಲಾಗಲು ಒಟ್ಟು 18 ಜನ ಇದ್ದರೆ ಒಳ್ಳೆಯದು. ಕೆಟ್ಟ ದಾರಿಯಲ್ಲಿ ಕಿಲೋಮೀಟರಿಗೆ ಒಂದು ತಾಸು ಎಂದು ಲೆಕ್ಕ ಹಿಡಿಯಿರಿ. ಇಳಿಜಾರಿನಲ್ಲಿ ಕಾಲು ಮುಂದೆ, ಏರಿನಲ್ಲಿ ತಲೆ ಮುಂದೆ. ತುಂಬು ಬಸುರಿಯನ್ನು ಎಡಮಗ್ಗುಲಿಗೆ ಮಲಗಿಸಿ.

ಹೊರಡುವ ಮೊದಲೇ ಇಬ್ಬರನ್ನು ಚೀಟಿ ಕೊಟ್ಟು ಮುಂದೆ ಓಡಿಸಿ: ಯಾವ ದಾರಿಯಲ್ಲಿ ಬರುತ್ತೇವೆ, ವಯಸ್ಸು, ಏನಾಯಿತು, ಯಾವಾಗ, ನಾಡಿ, ಉಸಿರು, ಏನು ಕೊಟ್ಟಿದ್ದೇವೆ. ಬಾಯಿಮಾತಿನಲ್ಲಿ ಕಳಿಸಿದ ಸುದ್ದಿ ರಸ್ತೆ ಮುಟ್ಟುವಷ್ಟರಲ್ಲಿ ಬದಲಾಗಿರುತ್ತದೆ.

ಸಹಾಯ ಮಾಡಲು ಹೋಗಿ ರೋಗಿ ಸತ್ತರೆ ನಮ್ಮ ಮೇಲೆ ಕೇಸಾಗುತ್ತದೆಯೇ? – ಸವದತ್ತಿ

ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಕಾಡಿನ ಅವಘಡಕ್ಕೆ ಅದು ಅನ್ವಯಿಸುವುದಿಲ್ಲ. ಅಲ್ಲಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಇದೆ: ಒಪ್ಪಿಗೆ ಕೇಳಲಾಗದ ಸ್ಥಿತಿಯಲ್ಲಿರುವವರ ಒಳಿತಿಗೆಂದು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ. ಪ್ರಜ್ಞೆ ಇದ್ದವರ ಒಪ್ಪಿಗೆ ಕೇಳಿ, ಕಲಿತಷ್ಟನ್ನೇ ಮಾಡಿ, ಮಾಡಿದ್ದನ್ನು ಬರೆದಿಡಿ.

ಹನ್ನೆರಡು ಜನ, ಎರಡು ದಿನ. ಕಿಟ್‌ನಲ್ಲಿ ಏನಿರಬೇಕು? – ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಗೋಕಾಕ

ಕೈಗವಸು 6 ಜೊತೆ, 10 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್ 4, ತ್ರಿಕೋನ ಬಟ್ಟೆ 4, ಶುದ್ಧ ಗಾಜ್ 20, ಅಂಟುಪಟ್ಟಿ 2 ಸುರುಳಿ, ಕತ್ತರಿ, ಚಿಮುಟ, 20 ಮಿಲಿಲೀಟರಿನ ಸಿರಿಂಜ್ 2, ಓಆರ್‌ಎಸ್ 12, ಪ್ಯಾರಾಸಿಟಮಾಲ್, ಥರ್ಮಾಮೀಟರ್, ಉಸಿರು ಕೊಡುವ ಮುಖಕವಚ, ಪೆನ್ಸಿಲ್, ಮಳೆಗೆ ಹಾಳಾಗದ ಕಾಗದ. ಸಿರಿಂಜ್ ಗಾಯ ತೊಳೆಯುವುದಕ್ಕೆ: ಕುಡಿಯುವ ನೀರನ್ನೇ ತುಂಬಿ, ರಭಸದಿಂದ ಚಿಮ್ಮಿಸಿ, ಅರ್ಧದಿಂದ ಒಂದು ಲೀಟರ್ ಖರ್ಚಾಗುವವರೆಗೆ. ಹಳದಿ ಔಷಧಿ ಬಳಿದು ಮಣ್ಣನ್ನು ಒಳಗೇ ಬಿಡುವುದರಿಂದ ಗಾಯ ಕೀವಾಗುತ್ತದೆ. ದಮ್ಮು, ಸಕ್ಕರೆ, ಮೂರ್ಛೆ ಇರುವವರು ತಮ್ಮ ಔಷಧಿಯನ್ನು ಎರಡು ಕಡೆ ಹಂಚಿ ಇಡಲಿ, ಒಂದು ಚೀಲ ಹಳ್ಳದಲ್ಲಿ ತೇಲಿಹೋದರೂ ಇನ್ನೊಂದು ಉಳಿಯಲಿ. ಕಿಟ್ ಯಾರ ಬೆನ್ನಿಗಿದೆ ಎಂಬುದು ಹನ್ನೆರಡೂ ಜನಕ್ಕೆ ಗೊತ್ತಿರಬೇಕು, ಮತ್ತು ಅವರು ಸಾಲಿನ ಕೊನೆಯಲ್ಲಿ ನಡೆಯಬೇಕು. ಬಿದ್ದವರು ಮುಂದೆ ಇದ್ದರೆ ಕಿಟ್ ತಾನಾಗಿ ಅವರ ಹತ್ತಿರ ಬರುತ್ತದೆ, ಹಿಂದೆ ಬಿದ್ದಿದ್ದರೆ ಅದು ಪಕ್ಕದಲ್ಲೇ ಇರುತ್ತದೆ.