ಕ್ರಾಸ್ ಕಂಟ್ರಿ ಕುದುರೆ: ಸವಾರನ ತೂಕ, ಎದುರುಗಾಳಿ ಮತ್ತು ದಮ್ಮು

ಪ್ರಶ್ನೆ: ನನ್ನ ತೂಕ 84 ಕಿಲೋ. ರೇಸಿನಿಂದ ನಿವೃತ್ತಿಯಾದ, ಸುಮಾರು 480 ಕಿಲೋ ತೂಗುವ ಥರೋಬ್ರೆಡ್ ಕುದುರೆಯೊಂದಿಗೆ, ಕ್ರಾಸ್ ಕಂಟ್ರಿ, ಶೋ ಜಂಪಿಂಗ್ ಮುಂತಾದ ಸುತ್ತುಗಳಿರುವ ಈವೆಂಟಿಂಗ್‌ನ ಎರಡು ಸ್ಟಾರ್ ಮಟ್ಟಕ್ಕೆ ಸಿದ್ಧತೆ ನಡೆಸಿದ್ದೇನೆ. ಕಳೆದ ಸ್ಪರ್ಧೆಯ ದಿನ ಗಾಳಿ ಜೋರಾಗಿತ್ತು. ಬಯಲಿನಲ್ಲಿ ಗಟ್ಟಿ ತಡೆಗಳನ್ನು ಹಾರುತ್ತ ಓಡುವ ಕ್ರಾಸ್ ಕಂಟ್ರಿಯಲ್ಲಿ ನಿಗದಿತ ಸಮಯ ಮೀರಿದ್ದಲ್ಲದೆ, ಕೊನೆಯ ನಾಲ್ಕೈದು ತಡೆಗಳಲ್ಲಿ ಕುದುರೆ ಮುಂಗಾಲು ತಾಗಿಸಿಕೊಂಡೇ ದಾಟಿತು. ನಾನು ಆರು ಕಿಲೋ ಇಳಿಸಬೇಕೆಂದು ಒಬ್ಬರು, ಗಾಳಿಯದೇ ತಪ್ಪೆಂದು ಇನ್ನೊಬ್ಬರು, ಕುದುರೆಗೆ ದಮ್ಮು ಸಾಲದೆಂದು ಮತ್ತೊಬ್ಬರು ಹೇಳುತ್ತಾರೆ. ಯಾವುದನ್ನು ಮೊದಲು ಸರಿಪಡಿಸಲಿ?

ಉತ್ತರ: ಕೊನೆಯ ತಡೆಗಳಲ್ಲಿ ಮುಂಗಾಲು ತಾಗಿತು ಎಂಬುದೇ ನಿಮ್ಮ ಪತ್ರದಲ್ಲಿರುವ ಮುಖ್ಯ ಸುಳಿವು. ಕಾಲಿನಲ್ಲಾಗಲಿ ಬೆನ್ನಿನಲ್ಲಾಗಲಿ ನೋವಿಲ್ಲವೆಂದು ಪಶುವೈದ್ಯರು ಪರೀಕ್ಷಿಸಿ ಹೇಳಿದ್ದರೆ, ಅದು ದಣಿವಿನ ಲಕ್ಷಣ. ತೂಕವಾಗಲಿ ಗಾಳಿಯಾಗಲಿ ಕುದುರೆಯನ್ನು ಹೆಚ್ಚಾಗಿ ಕಾಡುವುದು ದಣಿವಿನ ಮೂಲಕವೇ ಆದ್ದರಿಂದ ಮೊದಲು ದಮ್ಮು, ಅದರ ಜೊತೆಗೇ ವೇಗದ ಹಂಚಿಕೆ, ಅನಂತರ ನಿಮ್ಮ ತೂಕ ಎಂಬ ಕ್ರಮವನ್ನು ನಾನು ಸೂಚಿಸುತ್ತೇನೆ.

ತೂಕದ ಲೆಕ್ಕವನ್ನು ಮೊದಲು ನೋಡೋಣ. ಜೀನು, ಹೆಲ್ಮೆಟ್, ಎದೆಕವಚ, ಬೂಟುಗಳೆಲ್ಲ ಸೇರಿ ಹತ್ತು ಕಿಲೋ ಎಂದು ಹಿಡಿದರೂ ನಿಮ್ಮ ಕುದುರೆ ಹೊರುವುದು 94 ಕಿಲೋ, ಅಂದರೆ ಅದರ ದೇಹತೂಕದ ಶೇ 20ಕ್ಕಿಂತ ತುಸು ಕಡಿಮೆ. ಸಾಮಾನ್ಯ ಸವಾರಿಗೆ ಶೇ 20 ಎಂಬ ಮಿತಿಯನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ದೇಹತೂಕದ ಶೇ 15, 20, 25 ಮತ್ತು 30ರಷ್ಟು ಭಾರ ಹೊರಿಸಿ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ, ಶೇ 25ರಿಂದ ಮೇಲಕ್ಕೆ ಹೃದಯಬಡಿತವೂ ಸ್ನಾಯುಗಳ ನೋವೂ ಎದ್ದು ಕಾಣುವಷ್ಟು ಹೆಚ್ಚಿದ್ದವು. ಆದರೆ ಅಲ್ಲಿ ಕುದುರೆಗಳು ಗಟ್ಟಿ ತಡೆಗಳನ್ನು ಹಾರಿರಲಿಲ್ಲ. ಕ್ರಾಸ್ ಕಂಟ್ರಿಯ ಮಟ್ಟಿಗೆ ಆ ಮಿತಿಯ ಅಂಚಿನಲ್ಲಿ ನಿಂತಿರುವುದು ನೆಮ್ಮದಿಯ ಸ್ಥಾನವಲ್ಲ ಎಂದಷ್ಟೇ ತಿಳಿಯಬೇಕು.

ಹಾಗಿದ್ದೂ ಆರು ಕಿಲೋ ಇಳಿಸಿದರೆ ಉಳಿಯುವ ಶಕ್ತಿ ನೀವು ಊಹಿಸಿದಷ್ಟಿಲ್ಲ. ಸಮತಟ್ಟಾದ ನೆಲದಲ್ಲಿ ಕುದುರೆ ಬಳಸುವ ಆಮ್ಲಜನಕವು ಕುದುರೆ ಮತ್ತು ಹೊರೆ ಎರಡೂ ಸೇರಿದ ಒಟ್ಟು ತೂಕಕ್ಕೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. ಒಟ್ಟು 574 ಕಿಲೋದಲ್ಲಿ ಆರು ಕಿಲೋ ಎಂದರೆ ಶೇ 1 ಮಾತ್ರ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವು 1990ರ ದಶಕದ ಕೊನೆಯ ಭಾಗದವರೆಗೂ ಈವೆಂಟಿಂಗ್ ಸವಾರರಿಗೆ ಕನಿಷ್ಠ ತೂಕವನ್ನು ವಿಧಿಸಿತ್ತು. ಬಹುಕಾಲ ಅದು ಜೀನೂ ಸೇರಿ 75 ಕಿಲೋ ಇತ್ತು, ಹಗುರವಾದ ಸವಾರರು ಸೀಸದ ತುಂಡುಗಳನ್ನು ಜೀನಿನಡಿ ಕಟ್ಟಿಕೊಂಡು ಓಡಿಸಬೇಕಾಗಿತ್ತು. ಆ ನಿಯಮ ಹೋದದ್ದು ಒಳ್ಳೆಯದೇ ಆಯಿತು. ಅಲುಗದ ಸೀಸದ ಭಾರವೂ ಕುದುರೆಯ ಲಯಕ್ಕೆ ಹೊಂದಿಕೊಂಡು ಕೂರುವ ಸವಾರನ ಭಾರವೂ ಕುದುರೆಗೆ ಒಂದೇ ಅಲ್ಲ.

ಈ ವ್ಯತ್ಯಾಸವನ್ನು ರೇಸ್ ಜಾಕಿಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. 1900ರ ಆಸುಪಾಸಿನಲ್ಲಿ ಜಾಕಿಗಳು ನೇರವಾಗಿ ಕೂರುವುದನ್ನು ಬಿಟ್ಟು, ರಿಕಾಪನ್ನು (ಜೀನಿನಿಂದ ತೂಗುವ, ಪಾದವಿಡುವ ಕೊಂಡಿ) ಗಿಡ್ಡ ಮಾಡಿಕೊಂಡು ಬಾಗಿ ಕುಕ್ಕರಿಸತೊಡಗಿದಾಗ ರೇಸಿನ ಸಮಯಗಳು ಶೇ 5ರಿಂದ 7ರಷ್ಟು ಸುಧಾರಿಸಿದವು. ಕುಕ್ಕರಿಸಿದ ಸವಾರನ ಮೊಣಕಾಲು, ಸೊಂಟಗಳು ಕುದುರೆಯ ಏರಿಳಿತವನ್ನು ನುಂಗಿಕೊಳ್ಳುತ್ತವೆ. ಆಗಲೂ ಕುದುರೆ ಅವನ ಭಾರವನ್ನು ಹೊರುತ್ತದೆಯಾದರೂ ಪ್ರತಿ ಹೆಜ್ಜೆಗೂ ಅವನನ್ನು ಎತ್ತಿ ಇಳಿಸಿ, ಮುಂದಕ್ಕೆ ನೂಕುವ ಕೆಲಸ ಅದಕ್ಕೆ ತಪ್ಪುತ್ತದೆ. ಕ್ರಾಸ್ ಕಂಟ್ರಿಯ ಐದನೆಯ ನಿಮಿಷದಲ್ಲಿ ತೊಡೆ ಸೋತು ಜೀನಿಗೆ ಕುಸಿಯುವ 70 ಕಿಲೋ ಸವಾರನಿಗಿಂತ, ಕೊನೆಯವರೆಗೂ ರಿಕಾಪಿನ ಮೇಲೆ ನಿಲ್ಲಬಲ್ಲ 84 ಕಿಲೋ ಸವಾರನೇ ಮೇಲು ಎಂದು ನಾನು ಹೇಳುತ್ತೇನೆ. ನೀವು ಎರಡನೆಯವರೇ ಎಂಬುದನ್ನು ತರಬೇತುದಾರರು ತೆಗೆದ ವಿಡಿಯೋದ ಕೊನೆಯ ನಿಮಿಷವನ್ನು ನೋಡಿ ತೀರ್ಮಾನಿಸಿ.

ತೂಕ ನಿಜವಾಗಿ ಕಚ್ಚುವುದು ತಡೆ ದಾಟಿ ನೆಲಕ್ಕಿಳಿಯುವ ಕ್ಷಣದಲ್ಲಿ. ನಾಗಾಲೋಟದಲ್ಲೇ ಒಂದೊಂದು ಮುಂಗಾಲಿನ ಮೇಲೆ ದೇಹತೂಕದ ಎರಡೂವರೆ ಪಟ್ಟಿನಷ್ಟು ಬಲ ಬೀಳುತ್ತದೆ, ಗೊರಸಿನ ಮೇಲಿನ ಗೆಣ್ಣು ನೆಲಕ್ಕೆ ತಾಗುವಷ್ಟು ಬಾಗಿ, ಅದರ ಹಿಂಬದಿಯ ಸ್ನಾಯುರಜ್ಜು ತನ್ನ ಮಿತಿಯ ಹತ್ತಿರಕ್ಕೆ ಹಿಗ್ಗುತ್ತದೆ. ಸ್ನಾಯುಗಳು ದಣಿದಾಗ ಈ ರಜ್ಜುವಿಗೆ ಆಸರೆ ಇನ್ನೂ ಕಡಿಮೆ. ಆದ್ದರಿಂದ ತೂಕ ಇಳಿಸುವುದಿದ್ದರೆ ಕುದುರೆಯ ಕಾಲುಗಳ ಆಯುಷ್ಯಕ್ಕಾಗಿ, ನಿಧಾನವಾಗಿ ಇಳಿಸಿ. ಸ್ಪರ್ಧೆಯ ಹಿಂದಿನ ವಾರ ಊಟ ಬಿಟ್ಟು ಕೃಶರಾಗಿ ಜೀನು ಹತ್ತಬೇಡಿ.

ಇನ್ನು ಗಾಳಿ. ಎರಡು ಸ್ಟಾರ್ ಮಟ್ಟದ ವೇಗ ನಿಮಿಷಕ್ಕೆ 520 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 8.7 ಮೀಟರ್. ಗಾಳಿಯ ತಡೆಯು ಕುದುರೆಯ ಮೈಗೆ ತಾಗುವ ಗಾಳಿಯ ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 18 ಕಿಲೋಮೀಟರ್ ಎದುರುಗಾಳಿ ಬೀಸಿದರೆ ಅದು ನಿಶ್ಚಲ ಗಾಳಿಯಲ್ಲಿರುವುದಕ್ಕಿಂತ ಸುಮಾರು ಎರಡೂವರೆ ಪಟ್ಟಾಗುತ್ತದೆ. ಅದೇ ಗಾಳಿ ಹಿಂದಿನಿಂದ ಬಂದರೆ ಐದನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆಂದು ಭಾವಿಸುವವರು ಇಲ್ಲಿ ಎಡವುತ್ತಾರೆ. ಎರಡೂ ದಿಕ್ಕಿನಲ್ಲಿ ಸಮಾನ ದೂರ ಓಡಿದರೂ ಗಾಳಿಯ ಸರಾಸರಿ ತಡೆ ಮೂರನೇ ಒಂದರಷ್ಟು ಹೆಚ್ಚೇ ಉಳಿಯುತ್ತದೆ. ರೇಸಿನಲ್ಲಿ ಇನ್ನೊಂದು ಕುದುರೆಯ ಮರೆಯಲ್ಲಿ ಓಡಬಹುದು, ಕ್ರಾಸ್ ಕಂಟ್ರಿಯಲ್ಲಿ ನಿಮ್ಮ ಕುದುರೆ ಒಂಟಿ. ಎದುರುಗಾಳಿಯ ಭಾಗದಲ್ಲಿ ಎದೆಯನ್ನು ತಗ್ಗಿಸಿ, ನಾಲ್ಕೈದು ಸೆಕೆಂಡ್ ಹೋದರೆ ಹೋಗಲೆಂದು ಬಿಟ್ಟುಕೊಡಿ.

ಹಿಂಗಾಳಿಗೂ ಒಂದು ಬೆಲೆ ಇದೆ, ಇದನ್ನು ಹೇಳುವವರು ಕಡಿಮೆ. ಕುದುರೆಯ ಸ್ನಾಯುಗಳು ಬಳಸಿದ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲಷ್ಟೇ ಚಲನೆಯಾಗಿ, ಉಳಿದದ್ದೆಲ್ಲ ಶಾಖವಾಗುತ್ತದೆ. ಆ ಶಾಖ ಹೊರಹೋಗುವುದು ಮುಖ್ಯವಾಗಿ ಬೆವರು ಆರುವುದರಿಂದ. ಗಂಟೆಗೆ 31 ಕಿಲೋಮೀಟರ್ ವೇಗದಲ್ಲಿ ಓಡುವ ಕುದುರೆಯ ಹಿಂದೆ ಹೆಚ್ಚುಕಡಿಮೆ ಅಷ್ಟೇ ವೇಗದ ಗಾಳಿ ಬೀಸಿದರೆ, ಅದರ ಮೈಗೆ ಗಾಳಿಯೇ ಸೋಕುವುದಿಲ್ಲ. ಬಿಸಿಲಿನ ದಿನ ಹಿಂಗಾಳಿಯಲ್ಲಿ ಓಡಿದ ಕುದುರೆ ಗುರಿ ಮುಟ್ಟಿದ ಕೂಡಲೇ ಜೀನು ಬಿಚ್ಚಿ, ಮೈಯೆಲ್ಲ ತಣ್ಣೀರು ಸುರಿದು ನಡೆಸುವುದಕ್ಕೆ ಸಿದ್ಧರಾಗಿರಿ.

ಈಗ ದಮ್ಮಿನ ವಿಚಾರ. ಕುದುರೆಯ ಗುಲ್ಮವು (ಸ್ಪ್ಲೀನ್) ಕೆಂಪು ರಕ್ತಕಣಗಳ ಉಗ್ರಾಣವಿದ್ದಂತೆ. ವಿಶ್ರಾಂತಿಯಲ್ಲಿ ರಕ್ತದ ಶೇ 40ರ ಆಸುಪಾಸಿನಲ್ಲಿರುವ ಈ ಕಣಗಳ ಪಾಲು ನಾಗಾಲೋಟದಲ್ಲಿ ಶೇ 60 ದಾಟುತ್ತದೆ, ನಿಮಿಷಕ್ಕೆ 30–40 ಇದ್ದ ಹೃದಯಬಡಿತ 220ಕ್ಕೂ ಮೇಲೇರಬಲ್ಲದು. ಬಡಿತ 200ರ ಸುತ್ತಮುತ್ತ ದಾಟಿದ ಮೇಲೆ ರಕ್ತದಲ್ಲಿ ದಣಿವಿನ ಸೂಚಕವಾದ ಲ್ಯಾಕ್ಟೇಟ್ ಬೇಗ ಬೇಗ ಏರುತ್ತದೆ. ತಯಾರಿಯ ಗುರಿಯೆಂದರೆ ಸ್ಪರ್ಧೆಯ ವೇಗದಲ್ಲಿ ಕುದುರೆ ಈ ಗೆರೆಯ ಕೆಳಗೇ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು. ಫ್ರಾನ್ಸಿನವರಾದ, ಅಮೆರಿಕ ತಂಡಕ್ಕೆ ತರಬೇತಿ ನೀಡಿದ ಜ್ಯಾಕ್ ಲ ಗಾಫ್ ಅವರು ಈವೆಂಟಿಂಗ್‌ನಲ್ಲಿ ಜನಪ್ರಿಯಗೊಳಿಸಿದ ಇಂಟರ್ವಲ್ ಪದ್ಧತಿ ಇಂದಿಗೂ ಸೂಕ್ತವೇ: ನಿಮಿಷಕ್ಕೆ 400 ಮೀಟರ್‌ನಂತೆ ಐದೈದು ನಿಮಿಷದ, ನಾಗಾಲೋಟಕ್ಕಿಂತ ನಿಧಾನವಾದ ಮೂರು ಕ್ಯಾಂಟರ್‌ಗಳು, ನಡುವೆ ಮೂರು ನಿಮಿಷ ನಡಿಗೆ, ನಾಲ್ಕು ದಿನಕ್ಕೊಮ್ಮೆ. ವೇಗವನ್ನು ವಾರಗಳು ಕಳೆದಂತೆ ಏರಿಸಿ. ಹತ್ತು ನಿಮಿಷ ನಡೆಸಿದ ಬಳಿಕದ ಹೃದಯಬಡಿತವನ್ನು ಪ್ರತಿ ಸಲವೂ ಬರೆದಿಡಿ. ಅದೇ ಕೆಲಸಕ್ಕೆ ಆ ಸಂಖ್ಯೆ ಇಳಿಯುತ್ತಿದ್ದರೆ ದಮ್ಮು ಬರುತ್ತಿದೆ ಎಂದರ್ಥ. ನಿಮ್ಮದು ರೇಸಿನ ಕುದುರೆಯಾದ್ದರಿಂದ ಹೃದಯ, ಶ್ವಾಸಕೋಶಗಳು ವಾರಗಳಲ್ಲೇ ಒದಗುತ್ತವೆ, ಸ್ನಾಯುರಜ್ಜು ಮತ್ತು ಮೂಳೆಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಓಡುವ ಉತ್ಸಾಹ ನೋಡಿ ಮೋಸಹೋಗಬೇಡಿ.

ಕೊನೆಯದಾಗಿ ವೇಗದ ಹಂಚಿಕೆ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4 ಪೆನಾಲ್ಟಿ ಅಂಕ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ, ಸೆಞೋರ್ ಮೆಡಿಕಾಟ್ ಕುದುರೆಯ ಮೇಲೆ ತಡೆಗಳಲ್ಲಿ ಒಂದೂ ತಪ್ಪಿಲ್ಲದೆ ಓಡಿಸಿದರೂ, 7 ನಿಮಿಷ 45 ಸೆಕೆಂಡಿನ ಮಿತಿಯನ್ನು 28 ಸೆಕೆಂಡ್ ಮೀರಿದ್ದಕ್ಕೆ 11.20 ಪೆನಾಲ್ಟಿ ತೆತ್ತರು. ಆ ಮಟ್ಟದಲ್ಲಿ ಅದು ದುಬಾರಿ. ನಿಮ್ಮ ಮಟ್ಟದಲ್ಲಿ ಹತ್ತು ಸೆಕೆಂಡ್ ತಡವೆಂದರೆ ಮರುದಿನದ ಶೋ ಜಂಪಿಂಗ್‌ನಲ್ಲಿ ತಡೆಯಿಂದ ಬೀಳುವ ಒಂದು ಕೋಲಿನ 4 ಪೆನಾಲ್ಟಿಗೆ ಸಮ. ಮೊದಲ ಎರಡು ನಿಮಿಷ ಅತಿವೇಗದಲ್ಲಿ ಓಡಿಸಿ ಗಳಿಸಿದ ಸೆಕೆಂಡುಗಳನ್ನು ದಣಿದ ಕುದುರೆ ಕೊನೆಯಲ್ಲಿ ದುಪ್ಪಟ್ಟು ವಾಪಸು ಕೇಳುತ್ತದೆ.

ಪ್ರಶ್ನೆ: ನನ್ನ ಎತ್ತರದ ಕುದುರೆ ನಾಗಾಲೋಟದಲ್ಲಿ ಸೀಟಿ ಹೊಡೆದಂತೆ ಉಸಿರಾಡುತ್ತದೆ. ಅಭ್ಯಾಸ ಹೆಚ್ಚಿಸಿದರೆ ಇದು ನಿಲ್ಲುತ್ತದೆಯೇ?

ಉತ್ತರ: ಶಬ್ದ ಉಸಿರು ಒಳಗೆ ಎಳೆಯುವಾಗ ಬರುತ್ತಿದ್ದರೆ, ನಿಲ್ಲುವುದಿಲ್ಲ. ಕುದುರೆ ಬಾಯಿಯಿಂದ ಉಸಿರಾಡಲಾರದು, ನಾಗಾಲೋಟದಲ್ಲಿ ಒಂದು ದಾಪಿಗೆ ಒಂದೇ ಉಸಿರು. ಗಂಟಲಿನ ಎಡಭಾಗದ ನರ ದುರ್ಬಲವಾದಾಗ ಧ್ವನಿಪೆಟ್ಟಿಗೆಯ ಆ ಬದಿ ಪೂರ್ತಿ ತೆರೆಯದೆ ಗಾಳಿಯ ದಾರಿ ಕಿರಿದಾಗುತ್ತದೆ, ಎತ್ತರದ ಕುದುರೆಗಳಲ್ಲಿ ಇದು ಹೆಚ್ಚು. ಪಶುವೈದ್ಯರಿಂದ ಎಂಡೋಸ್ಕೋಪಿ ಮಾಡಿಸಿ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯಿಂದ ಆ ಬದಿಯನ್ನು ತೆರೆದ ಸ್ಥಿತಿಯಲ್ಲಿ ಕಟ್ಟಿ ನಿಲ್ಲಿಸಬಹುದು. ಉಸಿರು ಬಿಡುವಾಗ ಮಾತ್ರ ಮೂಗಿನ ಹೊಳ್ಳೆಗಳು ಫುರ್ರೆಂದು ಸದ್ದು ಮಾಡುತ್ತಿದ್ದರೆ ಸಾಮಾನ್ಯವಾಗಿ ಚಿಂತಿಸಬೇಕಿಲ್ಲ. ಯಾವುದೆಂದು ಗೊತ್ತಾಗುವವರೆಗೆ ಕ್ರಾಸ್ ಕಂಟ್ರಿ ವೇಗದಲ್ಲಿ ಓಡಿಸುವುದನ್ನು ನಿಲ್ಲಿಸಿ.